ಚಿತ್ರಭಾನು ಸಂವತ್ಸರದ ಬೆಂಕಿಯೂ ಬೆಳಕೂ

ಯುದ್ಧದ ಚರಿತ್ರೆಯನ್ನು ಬರೆಯುವವರು ಗೆದ್ದ ದುರ್ಗಗಳನ್ನೂ ಸೋತ ಸೇನೆಗಳನ್ನೂ ಎಣಿಸುವುದು ವಾಡಿಕೆ. ಆ ಲೆಕ್ಕವು ಅವಶ್ಯವಾದುದೇ. ಆದರೆ ಅಷ್ಟರಿಂದಲೇ ಒಂದು ಕಾಲದ ಸ್ವರೂಪವು ಪೂರ್ಣವಾಗಿ ತಿಳಿಯದು. ಎರಡನೆಯ ಮಹಾಯುದ್ಧದ ನಡುವಣ ವರ್ಷವಾದ ೧೯೪೨ನ್ನು ಸ್ಥಾಲೀಪುಲಾಕನ್ಯಾಯದಿಂದ ಪರಿಶೀಲಿಸಿದರೆ ಈ ಮಾತು ಸ್ಪಷ್ಟವಾಗುವುದು. ಆ ವರ್ಷದ ಯುಗಾದಿಯಂದು ಆರಂಭವಾದ ಸಂವತ್ಸರದ ಹೆಸರು ಚಿತ್ರಭಾನು. ಈ ಶಬ್ದಕ್ಕೆ ಸೂರ್ಯನೆಂದೂ ಅಗ್ನಿಯೆಂದೂ ಎರಡರ್ಥಗಳನ್ನು ಅಮರಸಿಂಹನು ಹೇಳಿರುವನು. ಸುಡುವ ಬೆಂಕಿಯೂ ದಾರಿ ತೋರುವ ಬೆಳಕೂ ಆ ವರ್ಷದಲ್ಲಿ ಒಟ್ಟಿಗೇ ಕಂಡುಬಂದುವು.

ಮೊದಲು ಬೆಂಕಿಯ ವೃತ್ತಾಂತವನ್ನು ನೋಡೋಣ. ಯುಗಾದಿಗೆ ಒಂದು ತಿಂಗಳು ಮುಂಚೆ, ಫೆಬ್ರವರಿ ೧೫ರಂದು, ಅಭೇದ್ಯವೆಂದು ಪ್ರಸಿದ್ಧವಾಗಿದ್ದ ಸಿಂಗಪುರವು ಜಪಾನೀಯರ ವಶವಾಯಿತು. ಭಾರತೀಯ, ಬ್ರಿಟಿಷ್ ಮತ್ತು ಆಸ್ಟ್ರೇಲಿಯದ ಸೈನಿಕರು ಎಂಬತ್ತು ಸಾವಿರಕ್ಕೂ ಮಿಗಿಲಾಗಿ ಸೆರೆಸಿಕ್ಕರು. ಮಾರ್ಚಿ ೮ರಂದು ರಂಗೂನು ಬಿದ್ದಿತು. ಬರ್ಮಾದಲ್ಲಿ ನೆಲಸಿದ್ದ ನಮ್ಮ ದೇಶದವರು ಲಕ್ಷಗಟ್ಟಲೆಯಾಗಿ ಕಾಡುಬೆಟ್ಟಗಳನ್ನು ಹಾಯ್ದು ಓಡಿಬಂದರು. ದಾರಿಯಲ್ಲಿಯೇ ಮಡಿದವರು ಸಾವಿರಾರು ಮಂದಿ. ಬರ್ಮಾದ ಅಕ್ಕಿಯು ಬರದೆ ನಿಂತುದು ಮರುವರ್ಷದ ಬಂಗಾಳದ ಕ್ಷಾಮಕ್ಕೆ ಕಾರಣಗಳಲ್ಲೊಂದಾಯಿತು.

ಈ ಅಪಜಯಗಳ ನಡುವೆ ಬ್ರಿಟಿಷ್ ಸರಕಾರವು ಸರ್ ಸ್ಟ್ಯಾಫರ್ಡ್ ಕ್ರಿಪ್ಸ್‌ರನ್ನು ಸಂಧಾನಕ್ಕೆ ಕಳುಹಿಸಿತು. ಯುದ್ಧಾನಂತರದ ಸ್ವಾತಂತ್ರ್ಯದ ವಚನವು ನಮ್ಮ ನಾಯಕರಿಗೆ ಸಾಲದೆ ಹೋಗಿ, ಏಪ್ರಿಲಿನಲ್ಲಿ ಮಾತುಕತೆಯು ಮುರಿಯಿತು. ಆಗಸ್ಟ್ ೮ರಂದು ಮುಂಬಯಿಯಲ್ಲಿ ಕಾಂಗ್ರೆಸ್ ಮಹಾಸಮಿತಿಯು ‘ಭಾರತ ಬಿಟ್ಟು ತೊಲಗಿ’ ಎಂಬ ನಿರ್ಣಯವನ್ನು ಅಂಗೀಕರಿಸಿತು. ಮರುದಿನ ಬೆಳಗಾಗುವುದರೊಳಗೆ ಗಾಂಧೀಜಿಯವರೂ ಇತರ ಮುಖಂಡರೂ ಬಂಧಿತರಾದರು. ಆಗಸ್ಟ್ ೧೫ರಂದು ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿ ಮಹಾದೇವ ದೇಸಾಯಿಯವರು ದೇಹಬಿಟ್ಟರು.

ನಾಯಕರು ಸೆರೆಯಲ್ಲಿರಲು ಜನರೇ ಮುಂದಾದರು. ಶಿಕಾರಿಪುರ ತಾಲ್ಲೂಕಿನ ಈಸೂರು ಗ್ರಾಮವು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡು, ಬಾಲಕರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಪದವಿಗಳಿಗೆ ನಿಯಮಿಸಿತು. ಸೆಪ್ಟೆಂಬರ್ ೨೮ರ ಘರ್ಷಣೆಯಲ್ಲಿ ನಿಜವಾದ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಹತರಾದರು. ಮರುವರ್ಷದ ಮಾರ್ಚಿಯಲ್ಲಿ ಗ್ರಾಮದ ಐವರು ಗಲ್ಲಿಗೇರಿದರು. ಆ ಐವರ ತ್ಯಾಗವನ್ನು ಕೊಂಡಾಡುವ ಚರಿತ್ರಕಾರನು ಆ ಇಬ್ಬರ ಮರಣವನ್ನು ಮರೆಮಾಚಬಾರದು. ಅವರೂ ಕನ್ನಡ ನಾಡಿನವರೇ. ಬೆಂಕಿಗೆ ಸ್ವಪರಭೇದವಿಲ್ಲವಷ್ಟೆ.

ಇನ್ನು ಬೆಳಕಿನ ವೃತ್ತಾಂತ. ನಮ್ಮ ನಾಯಕರು ಸೆರೆಮನೆಯನ್ನು ಸೇರಿದ ಆಗಸ್ಟ್ ೯ರಂದೇ, ಬಹುದೂರದ ರಷ್ಯಾದೇಶದ ಲೆನಿನ್‌ಗ್ರಾಡಿನಲ್ಲಿ ಒಂದು ಸಂಗೀತಸಭೆಯು ನಡೆಯಿತು. ಆ ಪಟ್ಟಣವನ್ನು ಜರ್ಮನರು ಹಿಂದಿನ ಸೆಪ್ಟೆಂಬರಿನಿಂದ ಮುತ್ತಿದ್ದರು. ಜನರು ಹಸಿವಿನಿಂದ ಬೀದಿಗಳಲ್ಲಿ ಬಿದ್ದು ಸಾಯುತ್ತಿದ್ದರು. ವಾದ್ಯಗಾರರಲ್ಲಿಯೂ ಅನೇಕರು ಅಳಿದುದರಿಂದ ಸೇನೆಯಲ್ಲಿದ್ದ ವಾದಕರನ್ನು ಕರೆತಂದು, ಶೊಸ್ತಕೋವಿಚ್ಚರ ಏಳನೆಯ ಸಿಂಫನಿಯನ್ನು ನುಡಿಸಿದರು. ಆ ನಾದವನ್ನು ಧ್ವನಿವರ್ಧಕಗಳು ಶತ್ರುಗಳ ಪಾಳೆಯದವರೆಗೂ ಮುಟ್ಟಿಸಿದುವು. ಅದೇ ಪಟ್ಟಣದ ಬೀಜಭಂಡಾರದಲ್ಲಿ ಧಾನ್ಯದ ರಾಶಿಗಳು ಕಣ್ಣೆದುರಿಗಿದ್ದರೂ, ಅವು ಮುಂದಿನವರ ಬಿತ್ತನೆಗೆ ಬೇಕೆಂದು ಬಗೆದು, ಅವನ್ನು ಕಾಯುತ್ತಿದ್ದ ವಿದ್ವಾಂಸರಲ್ಲಿ ಹಲವರು ಉಪವಾಸದಿಂದ ಪ್ರಾಣಬಿಟ್ಟರು. ಬಿತ್ತುವ ಬೀಜವನ್ನು ಉಣ್ಣಬಾರದೆಂಬ ಒಕ್ಕಲಿನ ಧರ್ಮವನ್ನು ಇದಕ್ಕಿಂತ ಕಠಿನವಾಗಿ ಪಾಲಿಸಿದವರುಂಟೆ?

ಪೋಲೆಂಡಿನ ವಾರ್ಸಾ ನಗರದಲ್ಲಿ ಯೆಹೂದ್ಯರನ್ನು ಗೋಡೆಯೊಳಗೆ ಕೂಡಿಹಾಕಿದ್ದ ಕೇರಿಯ ಅನಾಥಾಲಯದಲ್ಲಿ, ಜುಲೈ ೧೮ರಂದು, ಮಕ್ಕಳು ರವೀಂದ್ರರ ‘ಡಾಕ್‌ಘರ್’ ನಾಟಕವನ್ನಾಡಿದರು. ಕೋಣೆಯಿಂದ ಹೊರಡಲಾರದ ರೋಗಿ ಬಾಲಕನೊಬ್ಬನು ರಾಜನ ಪತ್ರವನ್ನು ಕಾಯುವ ಕಥೆಯದು. ನಾಟಕಕರ್ತರು ತೀರಿಕೊಂಡು ಆಗಿನ್ನೂ ಒಂದು ವರ್ಷವಾಗಿರಲಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಆ ಮಕ್ಕಳನ್ನು ಟ್ರೆಬ್ಲಿಂಕಾದ ವಧಾಗಾರಕ್ಕೆ ಒಯ್ದರು. ತಪ್ಪಿಸಿಕೊಳ್ಳುವ ಅವಕಾಶವಿದ್ದರೂ ಅನಾಥಾಲಯದ ಒಡೆಯರಾದ ಯಾನುಷ್ ಕೊರ್ಚಾಕರು ಮಕ್ಕಳ ಕೈಬಿಡದೆ ಅವರೊಡನೆಯೇ ನಡೆದರು.

ವರ್ಷಾಂತ್ಯಕ್ಕೆ ಯುದ್ಧದ ಗತಿಯು ತಿರುಗಿತು. ನವೆಂಬರಿನಲ್ಲಿ ಈಜಿಪ್ಟಿನ ಎಲ್ ಅಲಮೈನಿನಿಂದ ರೋಮೆಲನ ಸೇನೆಯು ಹಿಮ್ಮೆಟ್ಟಿತು. ಸ್ಟಾಲಿನ್‌ಗ್ರಾಡಿನಲ್ಲಿ ಮುತ್ತಿದವರೇ ಮುತ್ತಿಗೆಗೆ ಸಿಕ್ಕರು. ಆ ಜಯಗಳು ಲೋಕಕ್ಕೆ ಅವಶ್ಯವಾಗಿದ್ದುವು, ಸಂಶಯವಿಲ್ಲ. ಆದರೆ ಸೇನಾಪತಿಗಳ ಜಯವು ಯಾವುದನ್ನು ಉಳಿಸಲೆಂದು ಬೇಕಾಗಿತ್ತು? ಹಸಿದವರು ಕಾದ ಬೀಜವನ್ನು, ಸಾಯುವವರು ನುಡಿಸಿದ ನಾದವನ್ನು, ಮಕ್ಕಳ ಕೈಯನ್ನು ಬಿಡದ ಕೈಯನ್ನು. ಚಿತ್ರಭಾನುವಿನ ಎರಡರ್ಥಗಳನ್ನೂ ಜೊತೆಯಾಗಿ ಓದಿದವನಿಗೆ ಮಾತ್ರ ಆ ವರ್ಷವು ಅರ್ಥವಾಗುವುದು.