ಅಟ್ಟೆಯ ಲೆಕ್ಕ ಬಲ್ಲವರು

ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಅಟ್ಟೆಗೆ 3,200 ಹೂ. ಶಿರ್ವ, ಬೆಳ್ಳೆ, ಬಂಟಕಲ್ಲು, ಶಂಕರಪುರದ ಮಲ್ಲಿಗೆ ಬೆಳೆಯುವ ಮನೆಗಳಲ್ಲಿ ಈ ಲೆಕ್ಕ ಬಾಯಿಪಾಠ ಬಾರದ ಹೆಂಗಸು ಸಿಗುವುದು ಕಷ್ಟ. ಬೆಳಿಗ್ಗೆ ಬೇಗ ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಬೇಕು, ಹೊತ್ತು ಮೀರುವ ಮೊದಲು ಏಜೆಂಟರ ಕೈಗೆ ಮುಟ್ಟಿಸಬೇಕು. ದರ ತೀರ್ಮಾನವಾಗುವುದು ಶಂಕರಪುರದ ಕಟ್ಟೆಯಲ್ಲಿ, ದಿನದಿನಕ್ಕೆ. ಮದುವೆ, ನೇಮ, ಜಾತ್ರೆಗಳು ಒಟ್ಟಿಗೆ ಬಂದಾಗ ಅಟ್ಟೆಗೆ ಎರಡು ಸಾವಿರ ರೂಪಾಯಿ ದಾಟಿದ್ದೂ ಉಂಟು. ಆಟಿಯಲ್ಲಿ ಕೇಳುವವರಿಲ್ಲದೆ ಕುಸಿಯುವುದೂ ಉಂಟು. ಗಿಡ ನೋಡುವವಳು, ಕೊಯ್ಯುವವಳು, ಕಟ್ಟುವವಳು, ತಿಂಗಳ ಕೊನೆಗೆ ಏಜೆಂಟರ ಚೀಟಿಯನ್ನು ತನ್ನ ಪುಸ್ತಕದೊಂದಿಗೆ ತಾಳೆ ನೋಡುವವಳು ಎಲ್ಲ ಹೆಂಗಸೇ. ದರ ಹೇಳುವ ಸ್ವರ ಮಾತ್ರ ಇವತ್ತಿಗೂ ಹೆಚ್ಚಾಗಿ ಗಂಡಸಿನದು.

ಮಹಿಳಾ ಮಂಡಲದ ಸ್ಮರಣ ಸಂಚಿಕೆ ಎಂದಮೇಲೆ ಅಧ್ಯಕ್ಷೆಯರ ಪಟ್ಟಿ, ಶಾಲು ಹೊದಿಸಿದ ಫೋಟೋಗಳು ಇರುತ್ತವೆ. ಇರಲಿ, ಅವೂ ಬೇಕು. ಆದರೆ ಈ ಊರಿನ ಹೆಂಗಸು ವೇದಿಕೆ ಹತ್ತುವುದಕ್ಕೆ ಎಷ್ಟೋ ಮೊದಲೇ ಲೆಕ್ಕ ಇಟ್ಟವಳು. ಆ ಚರಿತ್ರೆ ಫೋಟೋಗಳಲ್ಲಿ ಸಿಗುವುದಿಲ್ಲ. ಹಾಗಾಗಿ ನನ್ನ ಪಾಲಿನ ಪುಟಗಳನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಮಲ್ಲಿಗೆ ಗಿಡವಿಲ್ಲದ ಮನೆಗಳಲ್ಲಿ ಬೀಡಿ ಇತ್ತು. ಯಜಮಾನರು ಮುಂಬಯಿಯ ಹೋಟೆಲುಗಳಲ್ಲಿ. ಅವರ ಮನಿಯಾರ್ಡರ್ ಬರುವುದು ತಡವಾದರೆ ಮಕ್ಕಳ ಫೀಸು, ಅಕ್ಕಿ, ಮದ್ದಿನ ಖರ್ಚು ಸಾಗಿದ್ದು ಸಾವಿರ ಬೀಡಿಗೆ ಇಷ್ಟು ಎಂಬ ಮಜೂರಿಯಿಂದ. ಬ್ರಾಂಚಿನಲ್ಲಿ ಎಲೆ, ತಂಬಾಕು ತೂಗಿ ಕೊಡುವಾಗ ಕಣ್ಣಿಟ್ಟು ನೋಡುವುದು, ಸರಿಯಿಲ್ಲವೆಂದು ಬೀಡಿ ತೆಗೆದು ಬಿಸಾಡಿದರೆ ಚರ್ಚೆಗೆ ನಿಲ್ಲುವುದು ಎಂಥ ತರಬೇತಿ ಶಿಬಿರಕ್ಕೂ ಕಡಿಮೆಯಲ್ಲ. 1966ರ ಬೀಡಿ ಕಾರ್ಮಿಕರ ಕಾನೂನು ಮನೆಯಲ್ಲಿ ಕೂತು ಕಟ್ಟುವವಳನ್ನೂ ಕಾರ್ಮಿಕಳೆಂದು ಒಪ್ಪಿತು. 1976ರಲ್ಲಿ ಕಲ್ಯಾಣ ನಿಧಿ ಬಂತು. ಅದರ ವಿದ್ಯಾರ್ಥಿವೇತನದಿಂದ ಓದಿದ ಮಕ್ಕಳು ಈ ಕಡೆ ಬಹಳ. ಇದರ ಜೊತೆಗೆ ಪಿಗ್ಮಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಿಂದ ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸಿತು. ಎರಡಾಣೆ ಎಲ್ಲಿಂದ ಉಳಿಸಿದಿ ಎಂದು ಕೇಳುವವರಿಲ್ಲದ ಉಳಿತಾಯ ಅದು! ಅದೇ ಬ್ಯಾಂಕು 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರಂನಲ್ಲಿ ಬರೀ ಮಹಿಳೆಯರೇ ನಡೆಸುವ ಶಾಖೆ ತೆರೆಯಿತು.

ಆಸ್ತಿಯ ವಿಚಾರ ಇನ್ನೂ ಹಳೆಯದು. ಬಂಟರು, ಬಿಲ್ಲವರು ಮೊದಲಾದ ಸಮುದಾಯಗಳ ಅಳಿಯಸಂತಾನ ಕಟ್ಟಿನಲ್ಲಿ ವಂಶ ಎಣಿಸುವುದು ಹೆಣ್ಣಿನ ಕಡೆಯಿಂದ. ಅದರಲ್ಲೂ ಒಂದು ವಿಶೇಷ: ಕುಟುಂಬದ ಅತಿ ಹಿರಿಯ ವ್ಯಕ್ತಿ ಹೆಣ್ಣಾಗಿದ್ದರೆ ಅವಳೇ ಯಜಮಾಂತಿ, ಆಡಳಿತಕ್ಕೆ ಹಕ್ಕುಳ್ಳವಳು. ರೂಢಿಯಲ್ಲಿ ಕಾರುಬಾರು ಮಾವಂದಿರ ಕೈಗೆ ಹೋಗುತ್ತಿದ್ದುದು ಬೇರೆ ಮಾತು. ಅಳಿಯಸಂತಾನವೆಂದರೆ ಸ್ತ್ರೀರಾಜ್ಯ ಎಂದು ಭಾಷಣ ಮಾಡುವವರನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೂ ಮನೆಯಿಂದ ಹೊರಗೆ ಹಾಕಲು ಯಾರಿಗೂ ಸಾಧ್ಯವಿಲ್ಲ ಎಂಬ ಧೈರ್ಯ ಅದರಲ್ಲಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಪಾಲು ಕೇಳಲು ದಾರಿ ಮಾಡಿತು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೊಂದಿಗೆ ಹಳೆಯ ಕಟ್ಟು ಬಹುಮಟ್ಟಿಗೆ ಮುಗಿಯಿತು.

ಈ ಕಟ್ಟಿನ ಹೊರಗಿದ್ದವರ ಪಾಡು ತಿಳಿಯಲು ಮಂಗಳೂರಿನ ಗಿರಿಜಾಬಾಯಿಯವರನ್ನು ನೆನೆಯಬೇಕು. ಗಂಡ ಅನಂತಯ್ಯ ಧಾರೇಶ್ವರ ಉಯಿಲು ಬರೆಯದೆ ತೀರಿಕೊಂಡರು. ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಿಂಗಳ ಜೀವನಾಂಶ ಬೇಡವೆಂದು, ತವರಿನಿಂದ ಬಂದ ಸ್ವತ್ತಿನಲ್ಲೇ ಮಕ್ಕಳನ್ನು ಸಾಕಿದರು. ಆಗ ಏಳು ವರ್ಷದವಳಾಗಿದ್ದ ಮಗಳೇ ಕಮಲಾದೇವಿ ಚಟ್ಟೋಪಾಧ್ಯಾಯ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1926ರಲ್ಲಿ, ಅವರು ಶಾಸನಸಭೆಗೆ ಮಂಗಳೂರಿನಿಂದ ಸ್ಪರ್ಧಿಸಿದರು. ದೇಶದಲ್ಲಿ ಆ ಕಣಕ್ಕಿಳಿದ ಮೊದಲ ಹೆಣ್ಣು. ಹಿಂದೆ ಮಂಗಳೂರಿನಲ್ಲಿ ಶಾಲೆ ನಡೆಸಿದ್ದ ಮಾರ್ಗರೆಟ್ ಕಸಿನ್ಸ್ ಪ್ರೋತ್ಸಾಹಕ್ಕೆ ನಿಂತರು. ಆಸ್ತಿಯಿದ್ದವರಿಗಷ್ಟೇ ಓಟು ಇದ್ದ ಆ ದಿನಗಳಲ್ಲಿ ಹೆಂಗಸರ ಓಟೆಂದರೆ ಬೆರಳೆಣಿಕೆ; ಆದರೂ ಸೋತದ್ದು ಅತ್ಯಲ್ಪ ಮತಗಳಿಂದ. ನಲವತ್ತು ವರ್ಷದ ನಂತರ, 1966ರಲ್ಲಿ, ಸಮುದಾಯ ನಾಯಕತ್ವಕ್ಕಾಗಿ ಮ್ಯಾಗ್ಸೆಸೆ ಪ್ರಶಸ್ತಿ ಅವರಿಗೆ ಸಂದಿತು.

ಆ ಪ್ರಶಸ್ತಿ ಕೊಡುವ ಮನಿಲಾ ನಮಗೆ ಅಷ್ಟೇನೂ ದೂರವಲ್ಲ. ಗಲ್ಫಿನ ಆಸ್ಪತ್ರೆ, ಅಂಗಡಿ, ಹೋಟೆಲುಗಳಲ್ಲಿ ಫಿಲಿಪ್ಪೀನ್ಸಿನ ಹೆಂಗಸರ ಜೊತೆ ವರ್ಷಗಟ್ಟಲೆ ಪಾಳಿ ಹಂಚಿಕೊಂಡವರು ಶಿರ್ವದ ಕೇರಿಗೊಬ್ಬರಾದರೂ ಸಿಕ್ಕಾರು. ಅವರ ರಾಷ್ಟ್ರಪುಷ್ಪ ಸಾಂಪಗೀಟಾ, 1934ರಿಂದ. ಸಸ್ಯಶಾಸ್ತ್ರದ ಪ್ರಕಾರ ಅದೂ ನಮ್ಮ ಶಂಕರಪುರ ಮಲ್ಲಿಗೆಯೂ ಒಂದೇ ಜಾತಿ. ಅಲ್ಲಿ ಇಗರ್ಜಿಯ ಬಾಗಿಲಲ್ಲಿ ಮಾಲೆ ಕಟ್ಟಿ ಮಾರುತ್ತಾರೆ. ಆ ದೇಶದಲ್ಲಿ ಹೆಂಗಸರಿಗೆ ಓಟು ಸಿಕ್ಕಿದ ಬಗೆ ಮಾತ್ರ ವಿಚಿತ್ರ. ಕನಿಷ್ಠ ಮೂರು ಲಕ್ಷ ಹೆಂಗಸರೇ ಬಂದು 'ನಮಗೆ ಓಟು ಬೇಕು' ಎಂದು ಮತ ಹಾಕಿದರೆ ಕೊಡೋಣ ಎಂದಿತು ಅಲ್ಲಿನ ಸಂವಿಧಾನ. ಗಂಡಸರಿಗೆ ಇಂಥ ಪರೀಕ್ಷೆ ಯಾರೂ ಇಡಲಿಲ್ಲವೆನ್ನಿ. 1937ರ ಏಪ್ರಿಲ್ 30ರಂದು ಬೇಕು ಎಂದವರು 4,47,725 ಮಂದಿ. 1986ರಲ್ಲಿ ಕೊರಾಜೊನ್ ಅಕಿನೊ ಅಧ್ಯಕ್ಷೆಯಾದರು, 2001ರಲ್ಲಿ ಗ್ಲೋರಿಯಾ ಅರೋಯೊ. ನನಗೆ ಇವೆರಡಕ್ಕಿಂತ ದೊಡ್ಡದೆನಿಸುವುದು ಇನ್ನೊಂದು: ಮನೆಗೆಲಸದವರ ಹಕ್ಕಿನ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2012ರಲ್ಲೇ ಅವರ ಸರಕಾರ ಒಪ್ಪಿಗೆ ಕೊಟ್ಟು, ಮರುವರ್ಷ ತನ್ನಲ್ಲೂ ಕಾನೂನು ಮಾಡಿತು. ಹೊರದೇಶಕ್ಕೆ ಹೋಗಿ ದುಡಿದು ಹಣ ಕಳಿಸುವ ಹೆಂಗಸರ ಲೆಕ್ಕ ಆ ಸರಕಾರಕ್ಕೆ ಚೆನ್ನಾಗಿ ಗೊತ್ತಿತ್ತು. ನಮ್ಮ ದೇಶ ಆ ಒಪ್ಪಂದಕ್ಕೆ ಇನ್ನೂ ಸೇರಿಲ್ಲ.

ಕರ್ನಾಟಕ ಹಿಂದುಳಿಯದ ವಿಷಯವೂ ಒಂದಿದೆ. 1987ರ ಮಂಡಲ ಪಂಚಾಯತು ಚುನಾವಣೆಯಲ್ಲೇ ಇಲ್ಲಿ ಹೆಂಗಸರಿಗೆ ಶೇಕಡಾ 25 ಸ್ಥಾನ ಮೀಸಲಾಗಿತ್ತು. 73ನೇ ತಿದ್ದುಪಡಿ ದೇಶಕ್ಕೆಲ್ಲ ಮೂರನೇ ಒಂದು ಪಾಲು ತಂದದ್ದು 1993ರಲ್ಲಿ. 2010ರಿಂದ ನಮ್ಮಲ್ಲಿ ಅರ್ಧಕ್ಕರ್ಧ. ಮೊದಮೊದಲು ಸದಸ್ಯೆಯ ಪಕ್ಕದ ಕುರ್ಚಿಯಲ್ಲಿ ಗಂಡ ಕೂರುತ್ತಿದ್ದುದನ್ನು ಎಲ್ಲ ಊರುಗಳೂ ಕಂಡಿವೆ. ಸ್ವಸಹಾಯ ಸಂಘದಲ್ಲಿ ವಾರವಾರ ಸಾಲ, ಬಡ್ಡಿ, ಕಂತು ಬರೆದವರು ಗೆದ್ದುಬಂದ ಕಡೆ ಆ ಕುರ್ಚಿ ಬೇಗ ಖಾಲಿಯಾಯಿತು. ಕಡತ ಓದಲು ಅವರಿಗೆ ಗಂಡಂದಿರ ನೆರವು ಬೇಕಾಗಲಿಲ್ಲ.

ಇನ್ನೊಂದು ಚಾಳಿ ಮಾತ್ರ ಉಳಿದಿದೆ. ಮಹಿಳೆಗೆಂದು ಇದ್ದ ಸ್ಥಾನ ಮುಂದಿನ ಸಲ ಸಾಮಾನ್ಯವಾದ ಕೂಡಲೇ, ಐದು ವರ್ಷ ನೀರಿನ ಬಿಲ್ಲು, ದಾರಿದೀಪ, ಉದ್ಯೋಗ ಖಾತರಿ ಕಡತಗಳಲ್ಲಿ ಪಳಗಿದವಳು ಜಾಗ ಬಿಟ್ಟುಕೊಡುತ್ತಾಳೆ, ಊರೂ ಅದನ್ನೇ ನಿರೀಕ್ಷಿಸುತ್ತದೆ. ಸಾಮಾನ್ಯ ಸ್ಥಾನಕ್ಕೆ ಹೆಂಗಸು ನಿಲ್ಲಬಾರದು ಎಂದು ಯಾವ ಕಾಯಿದೆಯೂ ಹೇಳಿಲ್ಲ. ನಮ್ಮ ಮಹಿಳಾ ಮಂಡಲದ ಸಭೆಯಲ್ಲಿ ಈ ಮಾತು ಎತ್ತಿದ್ದೇನೆ. ಮುಂದಿನ ಪಂಚಾಯತು ಚುನಾವಣೆಗೆ ಮೊದಲು, ಸಾಮಾನ್ಯ ಸ್ಥಾನದಿಂದ ನಾಮಪತ್ರ ಹಾಕಲು ತಯಾರಿರುವ ಸದಸ್ಯೆಯರು ಹೆಸರು ಕೊಡಬೇಕೆಂದು ಇಲ್ಲೂ ಕೇಳುತ್ತಿದ್ದೇನೆ.