ಬಳಕೆದಾರರ ಅನುಭವ ವಿನ್ಯಾಸ: ವೃತ್ತಿ ಮತ್ತು ಕಲಿಕೆ

ಎ.ಟಿ.ಎಂ. ಯಂತ್ರವು ಮೊದಲು ಹಣ ಕೊಟ್ಟು ಅನಂತರ ಕಾರ್ಡನ್ನು ಹಿಂದಿರುಗಿಸಬೇಕೇ, ಅಥವಾ ಮೊದಲು ಕಾರ್ಡನ್ನು ಹಿಂದಿರುಗಿಸಿ ಅನಂತರ ಹಣ ಕೊಡಬೇಕೇ? ಮೇಲ್ನೋಟಕ್ಕೆ ಇದು ಸಣ್ಣ ಪ್ರಶ್ನೆ. ಆದರೆ ಹಣ ಮೊದಲು ಕೈಗೆ ಬಂದರೆ ಗ್ರಾಹಕನ ಮನಸ್ಸಿನಲ್ಲಿ ಕೆಲಸ ಅಲ್ಲಿಗೇ ಮುಗಿಯುತ್ತದೆ. ಕಾರ್ಡು ಯಂತ್ರದಲ್ಲಿಯೇ ಉಳಿಯುತ್ತದೆ. ಆದುದರಿಂದಲೇ ಕಾರ್ಡನ್ನು ಒಳಗೆ ಹಿಡಿದಿಟ್ಟುಕೊಳ್ಳುವ ಯಂತ್ರಗಳಲ್ಲಿ ಮೊದಲು ಕಾರ್ಡು, ಅನಂತರ ಹಣ ಎಂಬ ಕ್ರಮ ರೂಢಿಗೆ ಬಂದಿತು. ಮರೆಯುವುದು ಮನುಷ್ಯನ ಸ್ವಭಾವ ಎಂಬುದನ್ನು ಒಪ್ಪಿಕೊಂಡು, ಆ ಸ್ವಭಾವಕ್ಕೆ ತಕ್ಕಂತೆ ಯಂತ್ರದ ನಡೆಯನ್ನು ರೂಪಿಸುವ ಇಂಥ ವಿದ್ಯೆಗೆ ‘ಯೂಸರ್ ಎಕ್ಸ್‌ಪೀರಿಯನ್ಸ್ ಡಿಸೈನ್’, ಸಂಕ್ಷಿಪ್ತವಾಗಿ ‘ಯು.ಎಕ್ಸ್.’ ಎಂದು ಹೆಸರು. ಕನ್ನಡದಲ್ಲಿ ಇದನ್ನು ‘ಬಳಕೆದಾರರ ಅನುಭವ ವಿನ್ಯಾಸ’ ಎನ್ನಬಹುದು.

ಹಿನ್ನೆಲೆ

ಈ ಹೆಸರನ್ನು ಪ್ರಚಾರಕ್ಕೆ ತಂದವರು ಅಮೆರಿಕದ ಮನೋವಿಜ್ಞಾನಿ ಡೊನಾಲ್ಡ್ ನಾರ್ಮನ್. 1988ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಬಾಗಿಲು, ದೀಪದ ಸ್ವಿಚ್ಚು, ದೂರವಾಣಿಗಳಂಥ ನಿತ್ಯೋಪಯೋಗಿ ವಸ್ತುಗಳನ್ನೇ ಎತ್ತಿಕೊಂಡು, ಬಳಸುವವನು ಮತ್ತೆ ಮತ್ತೆ ತಪ್ಪು ಮಾಡುತ್ತಿದ್ದರೆ ದೋಷವನ್ನು ವಸ್ತುವಿನ ರಚನೆಯಲ್ಲಿ ಹುಡುಕಬೇಕೆಂದು ಪ್ರತಿಪಾದಿಸಿದರು. 1993ರಲ್ಲಿ ಆಪಲ್ ಸಂಸ್ಥೆಯನ್ನು ಸೇರಿದಾಗ ತಮ್ಮ ಹುದ್ದೆಯ ಹೆಸರಿನಲ್ಲಿಯೇ ‘ಬಳಕೆದಾರರ ಅನುಭವ’ ಎಂಬ ಮಾತನ್ನು ಸೇರಿಸಿಕೊಂಡರು.

ಭಾರತದಲ್ಲಿ ವಿನ್ಯಾಸ ಶಿಕ್ಷಣದ ಇತಿಹಾಸ ಇದಕ್ಕಿಂತಲೂ ಹಳೆಯದು. ಕೇಂದ್ರ ಸರ್ಕಾರದ ಆಹ್ವಾನದ ಮೇರೆಗೆ ಬಂದ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಸಲ್ಲಿಸಿದ ವರದಿಯಲ್ಲಿ, ನಮ್ಮ ಮನೆಗಳ ತಂಬಿಗೆಯನ್ನು ಉತ್ತಮ ವಿನ್ಯಾಸದ ಮಾದರಿಯೆಂದು ಕೊಂಡಾಡಿದರು. ಹಿಡಿತ, ತೂಕ, ನೀರು ಸುರಿಯುವ ಬಗೆ ಎಲ್ಲವೂ ತಲೆಮಾರುಗಳ ಬಳಕೆಯಿಂದ ಹದಗೊಂಡ ಪಾತ್ರೆಯದು. ಈ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್.ಐ.ಡಿ.) ಹುಟ್ಟಿತು. 1969ರಲ್ಲಿ ಮುಂಬಯಿಯ ಪೊವಾಯಿಯಲ್ಲಿ ಐ.ಐ.ಟಿ.ಯ ವಿನ್ಯಾಸ ಕೇಂದ್ರ ಐ.ಡಿ.ಸಿ. ಆರಂಭವಾಯಿತು.

ಕೆಲಸದ ಸ್ವರೂಪ

ತೆರೆಯ ಮೇಲೆ ಅಂದವಾದ ಚಿತ್ರ ಬರೆಯುವುದೇ ಯು.ಎಕ್ಸ್. ಎಂದು ಅನೇಕರು ಭಾವಿಸಿದ್ದಾರೆ. ಅದು ಈ ಕೆಲಸದ ಒಂದು ಅಂಗ ಮಾತ್ರ. ಮೊದಲ ಹಂತ ಕ್ಷೇತ್ರಾಧ್ಯಯನ: ಜನರು ಕೆಲಸ ಮಾಡುವಲ್ಲಿಗೇ ಹೋಗಿ ನೋಡುವುದು, ಮಾತನಾಡಿಸುವುದು, ಕೇಳಿದ್ದನ್ನು ಬರೆದುಕೊಳ್ಳುವುದು. ಅನಂತರ ಕಾಗದದ ಮೇಲೆ ಕರಡು ರೇಖಾಚಿತ್ರ, ಆ ಬಳಿಕ ಫಿಗ್ಮಾದಂಥ ತಂತ್ರಾಂಶದಲ್ಲಿ ಪ್ರಾಯೋಗಿಕ ಮಾದರಿ. ಕೊನೆಯದಾಗಿ, ಅದನ್ನು ನಿಜವಾದ ಬಳಕೆದಾರರ ಕೈಗೆ ಕೊಟ್ಟು, ನೆರವು ನೀಡದೆ, ಅವರು ಎಲ್ಲಿ ತಡವರಿಸುತ್ತಾರೆಂದು ಗಮನಿಸಿ ತಿದ್ದುವುದು. ಐದು ಮಂದಿಯೊಡನೆ ನಡೆಸಿದ ಪರೀಕ್ಷೆಯೇ ಸುಮಾರು ಶೇಕಡಾ 85ರಷ್ಟು ತೊಡಕುಗಳನ್ನು ಹೊರಗೆಡಹುತ್ತದೆ ಎಂದು ಡೆನ್ಮಾರ್ಕ್ ಮೂಲದ ತಜ್ಞ ಯಾಕೊಬ್ ನೀಲ್ಸನ್ 2000ದಲ್ಲಿ ವಾದಿಸಿದರು. ಈ ಲೆಕ್ಕದ ಬಗ್ಗೆ ಭಿನ್ನಾಭಿಪ್ರಾಯಗಳಿದ್ದರೂ, ಸಣ್ಣ ಪ್ರಮಾಣದಲ್ಲಿ ಪದೇ ಪದೇ ಪರೀಕ್ಷಿಸುವ ಪದ್ಧತಿ ನೆಲೆನಿಂತಿದೆ.

ನೀಲ್ಸನ್ 1994ರಲ್ಲಿ ರೂಪಿಸಿದ ಹತ್ತು ಸೂತ್ರಗಳು ಇಂದಿಗೂ ವಿದ್ಯಾರ್ಥಿಗಳ ಮೊದಲ ಪಾಠ. ಏನು ನಡೆಯುತ್ತಿದೆ ಎಂಬುದನ್ನು ವ್ಯವಸ್ಥೆ ಸದಾ ತಿಳಿಸುತ್ತಿರಬೇಕು. ತಪ್ಪಿ ಒತ್ತಿದರೆ ಹಿಂದಿರುಗುವ ದಾರಿ ಇರಬೇಕು. ದೋಷವನ್ನು ತಿಳಿಸುವ ಸಂದೇಶ ಜನರಾಡುವ ಮಾತಿನಲ್ಲಿರಬೇಕು – ಇವು ಅವುಗಳಲ್ಲಿ ಕೆಲವು. ಮೊಬೈಲಿನಲ್ಲಿ ಹಣ ಕಳುಹಿಸಿ, ಹೋಯಿತೋ ಇಲ್ಲವೋ ಎಂದು ತಿಳಿಯದೆ ತಿರುಗುವ ಚಕ್ರವನ್ನೇ ನೋಡುತ್ತ ನಿಂತವರಿಗೆ ಮೊದಲ ಸೂತ್ರದ ಬೆಲೆ ಗೊತ್ತು.

ಕನ್ನಡಕ್ಕೆ ಸಂಬಂಧಿಸಿದ್ದು

ಇಂಗ್ಲಿಷಿಗೆಂದು ರಚಿಸಿದ ತೆರೆಗೆ ಕನ್ನಡವನ್ನು ತುಂಬಿದಾಗ ಎರಡು ತೊಡಕುಗಳು ತಲೆದೋರುತ್ತವೆ. ನಮ್ಮ ಪದಗಳು ಉದ್ದವಾದುದರಿಂದ ಗುಂಡಿಯೊಳಗೆ ಹಿಡಿಯುವುದಿಲ್ಲ. ಸಾಲುಗಳ ನಡುವೆ ಅಂತರ ಸಾಲದೆ ಒತ್ತಕ್ಷರಗಳು ಕತ್ತರಿಸಿಹೋಗುತ್ತವೆ. ಭಾಷೆ ಬಲ್ಲ ವಿನ್ಯಾಸಕ ತಂಡದಲ್ಲಿದ್ದರೆ ಈ ದೋಷಗಳು ಮೊದಲ ದಿನವೇ ಕಣ್ಣಿಗೆ ಬೀಳುತ್ತವೆ.

ಇದಕ್ಕೆ ನಮ್ಮಲ್ಲಿಯೇ ಮಾದರಿಯೊಂದಿದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದ ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯಲ್ಲಿ ಅಕ್ಷರಗಳು ಉಚ್ಚಾರಣೆಗೆ ಅನುಗುಣವಾಗಿ ಇಂಗ್ಲಿಷ್ ಕೀಲಿಗಳ ಮೇಲೆಯೇ ಕುಳಿತಿವೆ. ಕಾಗುಣಿತಕ್ಕೆ ಬೇರೆ ಕೀಲಿ ಬೇಡ. ವ್ಯಂಜನದ ಬಳಿಕ ಸ್ವರದ ಕೀಲಿ ಒತ್ತಿದರೆ ಸಾಕು. ಕರ್ನಾಟಕ ಸರ್ಕಾರ ಅಂಗೀಕರಿಸಿದ ಕೀಲಿಮಣೆಗೂ ಇದೇ ಆಧಾರ. ಬರೆಯುವವನ ನಾಲಗೆಯಲ್ಲಿರುವ ಕ್ರಮವನ್ನೇ ಬೆರಳಿಗೂ ತಂದ ಈ ಕೆಲಸವನ್ನು ಉತ್ತಮ ಯು.ಎಕ್ಸ್. ಎನ್ನಲು ಅಡ್ಡಿಯಿಲ್ಲ.

ಹೊರಗುಳಿಯುವವರು

ವಿನ್ಯಾಸದ ದೋಷ ಕೇವಲ ಕಿರಿಕಿರಿಯ ಮಾತಲ್ಲ. ಖಾತೆ ತೆರೆಯಲು ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಬೇಕೆಂಬ ಕ್ರಮದಿಂದಾಗಿ, ಆಮ್ಲ ದಾಳಿಯಲ್ಲಿ ಕಣ್ಣು ಕಳೆದುಕೊಂಡವರೂ ದೃಷ್ಟಿಹೀನರೂ ವಿದ್ಯುನ್ಮಾನ ಕೆ.ವೈ.ಸಿ. ಪೂರೈಸಲಾರದೆ ಹೊರಗುಳಿದರು. ಅವರು ಹೂಡಿದ ಮೊಕದ್ದಮೆಗಳಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲ್ 30ರಂದು ತೀರ್ಪಿತ್ತು, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿತು. ಕಣ್ಣು ಮಿಟುಕಿಸುವುದಕ್ಕೆ ಪರ್ಯಾಯ ಒದಗಿಸುವುದೂ ಸೇರಿ 20 ನಿರ್ದೇಶನಗಳನ್ನು ನೀಡಿತು. ಈ ವೃತ್ತಿಗೆ ಬರುವವರು ತಮ್ಮ ಹೊಣೆಯ ಗಾತ್ರವನ್ನು ಈ ತೀರ್ಪಿನಿಂದ ಅರಿಯಬಹುದು.

ಕಲಿಯುವ ದಾರಿ

ಹನ್ನೆರಡನೆಯ ತರಗತಿಯ ಬಳಿಕ ಬಿ.ಡೆಸ್. ಸೇರಲು 2015ರಿಂದ ‘ಯುಸೀಡ್’ ಪರೀಕ್ಷೆಯಿದೆ. ಪದವಿಯ ಅನಂತರದ ಎಂ.ಡೆಸ್.ಗೆ ‘ಸೀಡ್’ ಇದೆ. ಎರಡನ್ನೂ ನಡೆಸುವುದು ಮುಂಬಯಿ ಐ.ಐ.ಟಿ. ಮೂರು ವರ್ಷದ ಯಾವುದೇ ಪದವಿ ಪಡೆದವರು, ಕಲಾ ಪದವೀಧರರೂ ಸೇರಿ, ಸೀಡ್ ಬರೆಯಬಹುದು. ಪ್ರವೇಶದ ನಿಯಮ ಮಾತ್ರ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾದುದರಿಂದ ಮೊದಲೇ ವಿಚಾರಿಸುವುದು ಲೇಸು. ದೆಹಲಿ, ಗುವಾಹಟಿ, ಹೈದರಾಬಾದು ಐ.ಐ.ಟಿ.ಗಳಲ್ಲಿಯೂ ವಿನ್ಯಾಸ ವಿಭಾಗಗಳಿವೆ. ಎನ್.ಐ.ಡಿ.ಯ ಬೆಂಗಳೂರು ಆವರಣದಲ್ಲಿ ‘ಇಂಟರಾಕ್ಷನ್ ಡಿಸೈನ್’ ಸ್ನಾತಕೋತ್ತರ ಶಿಕ್ಷಣವಿದ್ದು, ಅದಕ್ಕೆ ಪ್ರತ್ಯೇಕ ಪ್ರವೇಶ ಪರೀಕ್ಷೆ ಉಂಟು. ಮನೆಯಲ್ಲೇ ಕುಳಿತು ಕಲಿಯುವವರಿಗೆ ಎನ್.ಪಿ.ಟಿ.ಇ.ಎಲ್. ಪಾಠಗಳೂ ಐ.ಡಿ.ಸಿ.ಯ ‘ಡಿ-ಸೋರ್ಸ್’ ತಾಣವೂ ಉಚಿತವಾಗಿ ದೊರೆಯುತ್ತವೆ.

ಕೆಲವೇ ವಾರಗಳಲ್ಲಿ ಕಲಿಸಿ ಉದ್ಯೋಗ ಕೊಡಿಸುವುದಾಗಿ ಹೇಳುವ ದುಬಾರಿ ತರಗತಿಗಳ ವಿಷಯದಲ್ಲಿ ಪೋಷಕರು ಎಚ್ಚರದಿಂದಿರಬೇಕು. ಉದ್ಯೋಗದಾತರು ಪ್ರಮಾಣಪತ್ರಕ್ಕಿಂತ ಹೆಚ್ಚಾಗಿ ಅಭ್ಯರ್ಥಿಯ ಕೆಲಸಗಳ ಸಂಗ್ರಹವನ್ನು, ಅಂದರೆ ಪೋರ್ಟ್‌ಫೋಲಿಯೋವನ್ನು ನೋಡುತ್ತಾರೆ. ಯಾರ ಕಷ್ಟವನ್ನು ಗಮನಿಸಿದಿರಿ, ಏನು ಬದಲಿಸಿದಿರಿ, ಪರೀಕ್ಷೆಯಲ್ಲಿ ಏನು ಕಂಡುಬಂತು ಎಂಬುದಕ್ಕೆ ಅಲ್ಲಿ ಉತ್ತರವಿರಬೇಕು. ತೆರೆಯನ್ನು ಚಿತ್ರಿಸುವ ಕೆಲಸವನ್ನು ಕೃತಕ ಬುದ್ಧಿಮತ್ತೆಯ ಸಾಧನಗಳು ಕ್ಷಣದಲ್ಲಿ ಮಾಡತೊಡಗಿರುವ ಈ ಕಾಲದಲ್ಲಿ, ಜನರ ಬಳಿ ಹೋಗಿ ತಿಳಿದುಬರುವವನ ಬೆಲೆ ಹೆಚ್ಚುತ್ತದೆ. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ, ಹಿಂದಿ, ಕಚೇರಿಯಲ್ಲಿ ಇಂಗ್ಲಿಷ್ ಆಡುತ್ತ ಬೆಳೆದ ನಮ್ಮ ಹೊರನಾಡ ಮಕ್ಕಳಿಗೆ ಆ ಅನುಕೂಲ ಸಹಜವಾಗಿಯೇ ಒದಗಿದೆ. ಆಸಕ್ತರು ಮೊದಲ ಅಭ್ಯಾಸವನ್ನು ಮನೆಯಿಂದಲೇ ಆರಂಭಿಸಬಹುದು: ಅಜ್ಜನೋ ಅಜ್ಜಿಯೋ ಮೊಬೈಲಿನಲ್ಲಿ ವಿದ್ಯುತ್ ಬಿಲ್ ಕಟ್ಟುವುದನ್ನು, ನಡುವೆ ಬಾಯಿ ಹಾಕದೆ, ಹತ್ತು ನಿಮಿಷ ಕುಳಿತು ನೋಡಲಿ, ಎಲ್ಲಿ ಬೆರಳು ತಡೆಯಿತು ಎಂಬುದನ್ನು ಬರೆದಿಡಲಿ.