ಧಾನ್ಯದ ಮಾನ

ಡಾಕ್ಟರ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ, ಓಟ್ಸ್ ಧಾನ್ಯವು ಇಂಗ್ಲೆಂಡಿನಲ್ಲಿ ಕುದುರೆಗಳ ಮೇವು, ಸ್ಕಾಟ್ಲೆಂಡಿನಲ್ಲಿ ಜನರ ಆಹಾರ ಎಂದು ಚುಚ್ಚಿದನು. 1786ರಲ್ಲಿ ಸ್ಕಾಟ್ ಕವಿ ರಾಬರ್ಟ್ ಬರ್ನ್ಸ್, ಕುರಿಯ ಗುಂಡಿಗೆ ಮೊದಲಾದವುಗಳಿಗೆ ಅದೇ ಓಟ್ಸ್ ಬೆರೆಸಿ ಬೇಯಿಸುವ ‘ಹ್ಯಾಗಿಸ್’ ಎಂಬ ಬಡವರ ಅಡುಗೆಯನ್ನು ಫ್ರೆಂಚರ ಭಕ್ಷ್ಯಗಳಿಗಿಂತ ಮೇಲೆಂದು ಹಾಡಿದನು. ಇಂದಿಗೂ ಅವನ ಹುಟ್ಟುಹಬ್ಬವಾದ ಜನವರಿ 25ರಂದು ಸ್ಕಾಟರು ಆ ಕವನವನ್ನು ಓದಿ ಹ್ಯಾಗಿಸ್ ಉಣ್ಣುತ್ತಾರೆ.

‘ರಾಮಧಾನ್ಯ ಚರಿತ್ರೆ’ಯನ್ನು ಪಾಠ ಹೇಳುವಾಗಲೆಲ್ಲ ನನಗೆ ಈ ಬರ್ನ್ಸನ ನೆನಪಾಗುತ್ತದೆ. 16ನೆಯ ಶತಮಾನದಲ್ಲಿಯೇ ನಮ್ಮ ಕನಕದಾಸರು, ನೆಲ್ಲಿನಿಂದ ಹೀಯಾಳಿಸಿಕೊಂಡ ನರೆದಲೆಗಕ್ಕೆ, ಆರು ತಿಂಗಳ ಸೆರೆಯಲ್ಲಿಯೂ ಕೆಡದೆ ಉಳಿದುದಕ್ಕಾಗಿ, ಶ್ರೀರಾಮನಿಂದ ರಾಘವನೆಂಬ ಹೆಸರನ್ನೇ ಕೊಡಿಸಿದರು. ಬರ್ನ್ಸನು ಹೊರಗಿನವರ ಭಕ್ಷ್ಯದೆದುರು ನಾಡಿನ ಮಾನ ಕಾಯ್ದನು; ಕನಕದಾಸರು ಮನೆಯೊಳಗಿನ ಮೇಲು-ಕೀಳನ್ನೇ ಪ್ರಶ್ನಿಸಿದರು. ಇದಕ್ಕೆ ಹೆಚ್ಚಿನ ಎದೆಗಾರಿಕೆ ಬೇಕೆಂದು ನಾನು ತಿಳಿದಿದ್ದೇನೆ.